ಎರವಲು ಕೊಡದ ಕಪಾಟು

ಧರ್ಮಗ್ರಂಥಗಳಿಗೆ ಕೈಮುಗಿಯುವವರು ನಮ್ಮಲ್ಲಿ ಹೇರಳ. ಅವುಗಳ ಧೂಳು ಒರೆಸಿ, ಕಿತ್ತುಹೋದ ಬೆನ್ನು ಹೊಲಿದು, ಕೇಳಿದವರ ಕೈಗೆ ಕೊಡುವವರು ವಿರಳ. ಆ ವಿರಳರಲ್ಲಿ ಶ್ರೀಮತಿ ಜಯಲಕ್ಷ್ಮಮ್ಮನವರದು ಮೊದಲ ಪಂಕ್ತಿಯ ಹೆಸರು. ಹುಣಸೂರಿನ ಹೊರವಲಯದಲ್ಲಿದ್ದ ವಿಶ್ವವಿದ್ಯಾನಿಲಯದ ಧರ್ಮಾಧ್ಯಯನ ಗ್ರಂಥಾಲಯವನ್ನು ಮೂವತ್ತೊಂದು ವರ್ಷ ನಡೆಸಿ ಅವರು ಕಳೆದ ಜೂನ್‌ನಲ್ಲಿ ನಿವೃತ್ತರಾದರು. ಈ ಅಭಿನಂದನಾ ಸಂಪುಟದ ಸಂಪಾದಕರು ಸಂತೋಷದ ಸಂಗತಿಗಳನ್ನಷ್ಟೇ ಬರೆಯಬೇಕೆಂದು ಸೂಚಿಸಿದ್ದಾರೆ. ಆದಷ್ಟು ಪ್ರಯತ್ನಿಸಲಾಗುವುದು.

ಬೆಟ್ಟದಪುರದ ಹೊಗೆಸೊಪ್ಪಿನ ಬೆಳೆಗಾರರ ಮನೆಯಲ್ಲಿ ಹುಟ್ಟಿದ ಅವರು ೧೯೯೪ರಲ್ಲಿ ಸಹಾಯಕಿಯಾಗಿ ಸೇರಿದಾಗ ಆ ಗ್ರಂಥಾಲಯವೆಂದರೆ ಸೋರುವ ಎರಡು ಕೋಣೆ. ವಚನದ ಕಟ್ಟುಗಳು, ಬೈಬಲ್ಲಿನ ವ್ಯಾಖ್ಯಾನಗಳು, ಕುರಾನಿನ ಅನುವಾದಗಳು, ಜೈನ ಪುರಾಣಗಳು ಎಲ್ಲವೂ ಒಂದೇ ತೇವದಲ್ಲಿ ಸರ್ವಧರ್ಮ ಸಮನ್ವಯ ಸಾಧಿಸಿದ್ದವು. ಅವರು ಒಂದೊಂದನ್ನೂ ಬಿಸಿಲಿಗೆ ಹಾಕಿ ಒಣಗಿಸಿದರು. ಪ್ರತಿ ಸೋಮವಾರ ಬಾಗಿಲಿಗೆ ಒಂದು ಸುದ್ದಿಹಾಳೆ ಅಂಟಿಸುತ್ತಿದ್ದರು: ಬಂದ ಪುಸ್ತಕ, ನಡೆಯಲಿರುವ ಉಪನ್ಯಾಸ, ಚುಂಚನಕಟ್ಟೆಯ ಯಾವುದೋ ಮನೆಯವರು ಅಟ್ಟದಿಂದಿಳಿಸಿ ಕೊಟ್ಟ ಓಲೆಗರಿ. ವಿದ್ಯಾರ್ಥಿನಿ ರೂಪಶ್ರೀ ಪರೀಕ್ಷೆಗೆ ಓದಲು ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದಾಗ, ಅದನ್ನು ಸೊಂಟಕ್ಕೇರಿಸಿಕೊಂಡೇ ಇಡೀ ತಿಂಗಳು ಪುಸ್ತಕ ಕೊಟ್ಟವರು ಅವರು. ರೂಪಶ್ರೀ ಈಗ ಉಪನ್ಯಾಸಕಿ.

ಅವರ ಸೇವೆಯ ಶಿಖರವೆಂದರೆ ಹದಿನೇಳು ಕ್ಯಾಸೆಟ್ಟುಗಳು. ಹಂಪಾಪುರದಿಂದ ಆಚೆ, ಕಾಡಂಚಿನ ಬುಡಕಟ್ಟಿನವರ ಹಾಡಿಯಲ್ಲಿದ್ದ ಹಿರಿಯ ದೊಡ್ಡಬೊಮ್ಮನವರು ತಮ್ಮ ಕುಲದ ಹಿರೀಕರನ್ನು ಹೆಸರು ಹಿಡಿದು ಕರೆಯುವ ಹಾಡುಗಳನ್ನು ಬಲ್ಲ ಕೊನೆಯವರಾಗಿದ್ದರು. ೧೯೯೯ರಿಂದ ಮೂರು ಬೇಸಿಗೆ ಅಲ್ಲಿಗೆ ಹೋಗಿ, ಅವರ ಮನೆಯಂಗಳದಲ್ಲಿ ಕೂತು, ಜಯಲಕ್ಷ್ಮಮ್ಮನವರು ಅಷ್ಟನ್ನೂ ಕ್ಯಾಸೆಟ್ಟಿಗೊಂದು ಹಾಡಿನಂತೆ ಧ್ವನಿಮುದ್ರಿಸಿಕೊಂಡರು. ಮುದುಕರು ಒಂದು ಷರತ್ತು ಹಾಕಿದ್ದರು.

“ಕೇಳೋರು ನಿನ್ ಮುಂದೆ ಕೂತ್ಕಂಡ್ ಕೇಳ್ಲಿ ಕಣವ್ವ. ಹೊತ್ಕಂಡ್ ಹೋಗಂಗಿಲ್ಲ. ಯಾರ್ ಕೇಳಿದ್ರು ಅಂತ ಹೆಸ್ರೂ ಬರೀಬ್ಯಾಡ. ಅದು ಹಿರೀಕ್ರಿಗೆ ಗೊತ್ತಾಯ್ತದೆ.”

ಅವರು ಒಪ್ಪಿದರು. ಕ್ಯಾಸೆಟ್ಟುಗಳನ್ನು ಒಂದು ಕಪಾಟಿನಲ್ಲಿಟ್ಟು, ಕೀಲಿಯನ್ನು ತಾಳಿಸರದ ಪಿನ್ನಿಗೆ ಸಿಕ್ಕಿಸಿಕೊಂಡರು. ಕೇಳಲು ಬಂದವರ ಪಕ್ಕದಲ್ಲಿ ಪ್ರತಿ ಸಲವೂ ತಾವೇ ಕೂತರು. ಒಬ್ಬರ ಹೆಸರನ್ನೂ ಬರೆಯಲಿಲ್ಲ. ಆದರೆ ಪ್ರಾಮಾಣಿಕರಲ್ಲವೇ, ಸರ್ಕಾರಿ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದೆಂದು ಗ್ರಂಥಾಲಯದ ಸ್ವತ್ತಿನ ವಹಿಯಲ್ಲಿ ಮಾತ್ರ ಅವನ್ನು ದಾಖಲಿಸಿದರು. ಕಿರಿಯ ಸಹೋದ್ಯೋಗಿ ಕಿರಣ್‌ಕುಮಾರ್, “ಕಂಪ್ಯೂಟರಿಗೆ ಹಾಕ್ಬುಡೋಣ ಮೇಡಂ, ಎರಡು ದಿನದ ಕೆಲ್ಸ” ಎಂದಾಗ ಅವರು ಬೇಡವೆಂದು ತಲೆಯಾಡಿಸಿದ್ದರು: “ಅಲ್ಲಿಗೋದ್ರೆ ಯಾರ್‍ಯಾರ ಜೇಬಿಗೋ ಹೋಯ್ತದೆ ಕಣಪ್ಪ. ಬುಡು.”

ದೊಡ್ಡಬೊಮ್ಮನವರು ೨೦೧೧ರಲ್ಲಿ ತೀರಿಕೊಂಡರು. ಆರು ವರ್ಷದ ನಂತರ ಅವರ ಮೊಮ್ಮಗಳು ಸವಿತಾ ಗ್ರಂಥಾಲಯದ ಬಾಗಿಲಿಗೆ ಬಂದು ನಿಂತಳು. ಕೂಲಿಯಿಲ್ಲದ ದಿನ ಬಂದು, ತಾತನ ದನಿಯನ್ನು ಕೇಳಿ ಕೇಳಿ ಎಂಟು ವರ್ಷದಲ್ಲಿ ಒಂಬತ್ತು ಹಾಡು ಕಲಿತಳು. ಇನ್ನುಳಿದದ್ದು ಎಂಟು.

ಕಳೆದ ವರ್ಷ ಗ್ರಂಥಾಲಯವನ್ನು ಕೇಂದ್ರ ಗ್ರಂಥಾಲಯದೊಳಗೆ ವಿಲೀನಗೊಳಿಸುವ ಆದೇಶ ಬಂತು. ಹತ್ತು ವರ್ಷದಿಂದ ಒಮ್ಮೆಯೂ ಎರವಲು ಹೋಗದ್ದನ್ನೆಲ್ಲ ವಿಲೇವಾರಿ ಮಾಡತಕ್ಕದ್ದೆಂಬ ಷರಾ ಅದರಲ್ಲಿತ್ತು. ಜಯಲಕ್ಷ್ಮಮ್ಮನವರು ಹಠ ಹಿಡಿದು ಕೂತು, ನೂರಾರು ಪುಟದ ಪಟ್ಟಿಯನ್ನು ಸಾಲುಸಾಲಾಗಿ ಓದಿ, ಒಂದೊಂದಕ್ಕೂ ಕಾರಣ ಬರೆದು ನಾನೂರಕ್ಕೂ ಹೆಚ್ಚು ಪುಸ್ತಕ ಉಳಿಸಿಕೊಂಡರು. ಕೊನೆಯ ಪುಟದಲ್ಲಿ ಒಂದೇ ಸಾಲು: ಕ್ಯಾಸೆಟ್ಟು ೧೪೩, ಎರವಲು ಶೂನ್ಯ. ಹಳೆಯ ಉಪನ್ಯಾಸಗಳ ಕ್ಯಾಸೆಟ್ಟುಗಳಿರಬೇಕು, ಅವೆಲ್ಲ ಆಗಲೇ ಕಂಪ್ಯೂಟರಿನಲ್ಲಿವೆ ಎಂದುಕೊಂಡು ರುಜು ಹಾಕಿದರು. ಉಪನ್ಯಾಸದವು ನೂರಿಪ್ಪತ್ತಾರೇ. ಇಪ್ಪತ್ತೈದು ವರ್ಷ ಎದೆಯ ಮೇಲೆ ಕೀಲಿ ಹೊತ್ತವರಿಗೆ, ಆ ಹದಿನೇಳು ವಿಶ್ವವಿದ್ಯಾನಿಲಯದ ಸ್ವತ್ತೆಂಬುದೇ ಮರೆತುಹೋಗಿತ್ತು.

ಪಿಂಚಣಿ ಕಾಗದಗಳಿಗಾಗಿ ಅವರು ಮೈಸೂರಿಗೆ ಹೋಗಿದ್ದ ದಿನ ಕೇಂದ್ರ ಗ್ರಂಥಾಲಯದವರು ಕಪಾಟಿನ ಬೀಗ ಒಡೆದು ಎಲ್ಲವನ್ನೂ ಗುಜರಿಗೆ ಹಾಕಿದರು. ಮಾರನೆಯ ದಿನ ತಿಳಿದು ಗುಜರಿ ಅಂಗಡಿಗೆ ಓಡಿದರೆ, ಪ್ಲಾಸ್ಟಿಕ್ಕನ್ನು ಬೇರೆ ಮಾಡಿ ಪುಡಿಗೆ ಕಳಿಸಿಯಾಗಿತ್ತು. ಟೇಪನ್ನು ಅಂಗಡಿಯ ಹಿಂದೆ ಸುಟ್ಟಿದ್ದರು. ಅವರು ಆ ಬೂದಿಯ ಮುಂದೆ ಕುಕ್ಕರಿಸಿದವರು, ಕಿರಣ್‌ಕುಮಾರ್ ಬಂದು ಎಬ್ಬಿಸುವವರೆಗೂ ಏಳಲಿಲ್ಲ. ಯಾರ ಮೇಲೆ ಸಿಟ್ಟಾಗುವುದು? ರುಜು ಅವರದೇ. ಕೊಟ್ಟ ಮಾತನ್ನು ಅಕ್ಷರಶಃ ನಡೆಸಿಕೊಂಡದ್ದರಿಂದಲೇ ಲೆಕ್ಕಕ್ಕೆ ಅದು ಯಾರಿಗೂ ಬೇಡದ ವಸ್ತುವಾಯಿತು. ಇದಕ್ಕಿಂತ ಹೊಟ್ಟೆಯುರಿಸುವ ನ್ಯಾಯ ಇನ್ನೊಂದಿಲ್ಲ.

ಸವಿತಾಳಿಗೆ ಅವರೇ ಹೇಳಿದರು. ಅವಳು ಅಳಲಿಲ್ಲ, ಬೈಯಲೂ ಇಲ್ಲ.

“ಒಂಬತ್ತು ನಂಗೆ ಬತ್ತದೆ ಮೇಡಂ. ಮಿಕ್ಕ ಎಂಟು ಕೇಳ್ದಾಗ್ಲೆಲ್ಲ ನೀವೂ ಪಕ್ಕದಲ್ಲೇ ಕೂತಿದ್ರಿ. ನೆನಪಿರೋದ ಹೇಳಿ, ಕಲೀತೀನಿ.”

ಅಂದಿನಿಂದ ಭಾನುವಾರಗಳಂದು ಅವಳು ಹುಣಸೂರಿನಲ್ಲಿ ಬಸ್ಸು ಬದಲಿಸಿ ಬೆಟ್ಟದಪುರಕ್ಕೆ ಬರುತ್ತಾಳೆ. ಜಯಲಕ್ಷ್ಮಮ್ಮನವರು ಕಣ್ಣು ಮುಚ್ಚಿ ಕೂರುತ್ತಾರೆ. ಧಾಟಿ ಬರುತ್ತದೆ, ಹೆಸರುಗಳು ಬರುವುದಿಲ್ಲ. ಐದು ತಿಂಗಳಲ್ಲಿ ಹತ್ತನೆಯ ಹಾಡಿನ ಹನ್ನೊಂದು ಸಾಲು ದಕ್ಕಿವೆ. ಕಳೆದ ವಾರ ಅವರು ನಡುವೆಯೇ ನಿಲ್ಲಿಸಿಬಿಟ್ಟರು.

“ಇನ್ಮೇಲೆ ಬರ್ಬ್ಯಾಡ ಕಣವ್ವ. ನಾನೇ ಕಟ್ಟಿ ಹೇಳ್ತಿದೀನೋ ಏನೋ ಅಂತ ಭಯ ಆಯ್ತದೆ. ಇಲ್ದಿರೋ ಹಿರೀಕ್ರನ್ನ ನಿನ್ ಬಾಯಲ್ಲಿ ಕರೆಸ್ಬುಟ್ರೆ?”

“ಬತ್ತೀನಿ ಮೇಡಂ,” ಎಂದಷ್ಟೇ ಹೇಳಿ ಸವಿತಾ ಬಸ್ಸಿಗೆ ಹೊರಟಳು.

ನಿವೃತ್ತರಿಗೆ ದೀರ್ಘಾಯುಷ್ಯ ಕೋರುವುದು ವಾಡಿಕೆ. ಜಯಲಕ್ಷ್ಮಮ್ಮನವರು ತಮಗೆ ಅದು ಬೇಡವೆನ್ನುತ್ತಾರೆ, ಬೇಕೇ ಬೇಕು. ಆ ಎಂಟು ಹಾಡುಗಳಲ್ಲಿ ಏನಾದರೂ ಉಳಿದಿದ್ದರೆ ಅದು ಅವರೊಬ್ಬರ ತಲೆಯೊಳಗೆ ಮಾತ್ರ, ಅಲ್ಲಿಯೂ ದಿನೇ ದಿನೇ ಮಾಸುತ್ತಿದೆ. ಭಗವಂತ ಅವರಿಗೆ ಆಯುಸ್ಸು ಕೊಡಲಿ, ಆರೋಗ್ಯ ಕೊಡಲಿ. ಈ ಭಾನುವಾರ ಸವಿತಾ ಎದುರು ಬಂದು ಕೂತಾಗ ಹನ್ನೆರಡನೆಯ ಸಾಲನ್ನು ಕೊಡಲಿ. ಕೊಟ್ಟರೂ ಅದು ನಿಜವಾದ ಸಾಲೇ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ.