ಅಂಚಿನಿಂದ ಬಂದ ಮೊಸಳೆ

ಮಾರುಕಟ್ಟೆ ಕಟ್ಟಡದ ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿಯಲ್ಲಿ ಕೆಟ್ಟ ವಿಡಿಯೊ ಗೇಮ್‌ ಸೆಟ್ಟುಗಳನ್ನು ರಿಪೇರಿ ಮಾಡುವ ಹೆಂಗಸನ್ನು ಎಲ್ಲರೂ ಗೇಮಕ್ಕ ಎಂದೇ ಕರೆಯುತ್ತಾರೆ. ಬೆಸುಗೆ ಹಾಕುವುದು ಅವಳು. ಗಿರಾಕಿಗಳ ಜೊತೆ ಮಾತಿಗೆ ನಿಲ್ಲುವುದು ಅವಳ ತಮ್ಮ. ರಿಪೇರಿಯಾದ ಮೇಲೆ ಒಂದು ದೋಣಿ ಆಟವನ್ನು ಆಡಿ ಮುಗಿಸದೆ ಅವಳು ಯಾವ ಸೆಟ್ಟನ್ನೂ ವಾಪಸ್ ಕೊಡುವುದಿಲ್ಲ. ಅಂಗೈಯಲ್ಲಿ ಹಿಡಿದು ಆಡುವ ಚಿಕ್ಕ ಸೆಟ್ಟಿಗೂ ಟಿವಿಗೆ ಜೋಡಿಸುವ ದೊಡ್ಡ ಸೆಟ್ಟಿಗೂ ಆ ಆಟ ಬಂದಿದೆ. ಅದೇ ನದಿ, ಅವೇ ತಿರುವುಗಳು, ಎರಡೂ ದಡಗಳಿಂದ ನುಗ್ಗುವ ಅವೇ ಮೊಸಳೆಗಳು. ಯಾವುದು ಯಾವಾಗ ನುಗ್ಗುತ್ತದೆ ಎಂಬುದು ಮಾತ್ರ ಪ್ರತಿ ಸಲವೂ ಬೇರೆ. ಚಿಕ್ಕದರಲ್ಲಿ ಮೊಸಳೆ ಇರುವೆಯಷ್ಟು. ದೊಡ್ಡದರಲ್ಲಿ ಅದರ ಹಲ್ಲು ಎಣಿಸಬಹುದು. ಎರಡೂ ಅವಳಿಗೆ ನೀರು ಕುಡಿದಷ್ಟು ಸಲೀಸು.

ಹಾಗಿದ್ದವಳು ಈಚೆಗೆ ದೊಡ್ಡದರಲ್ಲಿ ಸೋಲತೊಡಗಿದಳು. ಕ್ಷೌರದಂಗಡಿಯವನ ಸೆಟ್ಟು ಮೇಜಿನ ಮೇಲಿತ್ತು. ಮೂಗಿನ ಮುಂದಿನ ಟಿವಿಯಲ್ಲಿ ನದಿ ಖಾಲಿ ಇರುತ್ತಿತ್ತು, ಮರುಕ್ಷಣ ದೋಣಿ ಮೊಸಳೆಯ ಬಾಯಲ್ಲಿರುತ್ತಿತ್ತು. ಜಾಯ್‌ಸ್ಟಿಕ್ ಬಿಚ್ಚಿ ಗುಂಡಿಗಳ ರಬ್ಬರು ಬದಲಿಸಿದಳು. ವೈರು ಬದಲಿಸಿದಳು. ಅದೇ ಕಥೆ. ಚಿಕ್ಕ ಸೆಟ್ಟಿನಲ್ಲಿ ಮಾತ್ರ ದೋಣಿಗೆ ಗೀರೂ ಬೀಳುತ್ತಿರಲಿಲ್ಲ.

“ಏನಕ್ಕಾ, ನನ್ನ ಸೆಟ್ಟನ್ನ ದತ್ತು ತಗೊಂಡ್ಯಾ?” ಎನ್ನುತ್ತ ಕ್ಷೌರದಂಗಡಿಯವನು ಬಂದ. “ಆಟ ಇಲ್ಲ ಅಂತ ಕಾಯೋರೆಲ್ಲ ಗಡ್ಡ ಹೊತ್ಕೊಂಡೇ ಎದ್ದು ಹೋಗ್ತಿದಾರೆ.”

“ಅಂಚಲ್ಲಿ ಚಿತ್ರ ತಡವಾಗಿ ಬರ್ತಿದೆ ಕಣಪ್ಪಾ. ಸರಿ ಆಗೋವರೆಗೂ ಕೊಡಲ್ಲ.”

ತಮ್ಮ ಜಾಯ್‌ಸ್ಟಿಕ್ ಕಿತ್ತುಕೊಂಡು ಕೂತ. ಹರಟುತ್ತಲೇ ಆಟ ಮುಗಿಸಿದ. “ಎಲ್ಲಿ ತಡ? ಆಡು ನೀನು, ನೋಡೋಣ.”

ಅವಳು ಆಡಿದಳು. ದೋಣಿ ಮುಳುಗಿತು.

“ಅಯ್ಯೋ, ಅಷ್ಟು ಹೊತ್ತಿಂದ ಪಕ್ಕದಲ್ಲೇ ಬರ್ತಿತ್ತಲ್ಲಕ್ಕಾ! ಕಾಣ್ಲಿಲ್ವಾ?”

“ಅಕ್ಕಂಗೆ ವಯಸ್ಸಾಯ್ತು, ಮೊಸಳೆಗೆ ಹಸಿವಾಯ್ತು,” ಎಂದ ಕ್ಷೌರದಂಗಡಿಯವನು. ಅವರ ಜೊತೆ ಅವಳೂ ನಕ್ಕಳು.

ಅಪ್ಪ ದರ್ಜಿಯಾಗಿದ್ದರು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದವರು ಪಕ್ಕದಲ್ಲೇ ನಿಂತ ಮಗಳಿಗೆ ಡಿಕ್ಕಿ ಹೊಡೆಯುತ್ತಿದ್ದರು. ಭುಜ ತಗುಲಿದಾಗಲೆಲ್ಲ ಬಾಗಿಲಿಗೇ ಬೈಯುತ್ತಿದ್ದರು. ಕಣ್ಣು ತೋರಿಸಲು ಹೋದಾಗ, ಹಲಗೆಯಲ್ಲಿ ಸಾಲು ಹುಡುಕಿ ತಡವರಿಸುವುದು ಗೊತ್ತಾಗಬಾರದೆಂದು, ತಮಗಿಂತ ಮುಂದಿದ್ದವರು ಓದಿದ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಹೇಳಿ ಎದ್ದು ಬಂದಿದ್ದರು. ಮನೆಯವರಿಗೆ ವಿಷಯ ಗೊತ್ತಾಗುವ ಹೊತ್ತಿಗೆ ಅಪ್ಪನ ಪಾಲಿಗೆ ಉಳಿದಿದ್ದು ಸೂಜಿಯ ಕಣ್ಣಿನಷ್ಟೇ ಬೆಳಕು. ಆಮೇಲೆ ಅದೂ ಹೋಯಿತು.

ಕ್ಷೌರದಂಗಡಿಯವನು ಹೊರಟ. ತಮ್ಮ ಟೀ ತರಲು ಹೋದ. ಅವಳು ಸ್ಟೂಲನ್ನು ಹಿಂದಕ್ಕೆ ಎಳೆದು ಗೋಡೆಗೆ ಒತ್ತಿ ಕೂತಳು. ಅಷ್ಟು ದೂರದಿಂದ ಟಿವಿ ಅಂಗೈಯ ಸೆಟ್ಟಿನಷ್ಟೇ ಕಾಣುತ್ತಿತ್ತು. ಆಡಿದಳು. ಎರಡೂ ದಡಗಳ ಮೊಸಳೆಗಳು ಸಾಲಾಗಿ ಕಂಡವು. ದೋಣಿ ಕೊನೆಯ ತಿರುವನ್ನೂ ದಾಟಿತು. ಸ್ಟೂಲನ್ನು ಮತ್ತೆ ಮುಂದಕ್ಕೆ ತಂದಳು. ಮುಳುಗಿತು. ಇನ್ನು ಬಿಚ್ಚಿ ನೋಡಲು ಸೆಟ್ಟಿನಲ್ಲಿ ಯಾವ ಸ್ಕ್ರೂವೂ ಉಳಿದಿರಲಿಲ್ಲ. ಜಾಯ್‌ಸ್ಟಿಕ್ ಕೆಳಗಿಟ್ಟಳು.

ತಮ್ಮ ಟೀ ಇಟ್ಟು, ದಿನದಂತೆ ಸ್ಕೂಟರಿನ ಕೀಲಿಯನ್ನು ಅವಳ ಮುಂದೆ ಚಾಚಿದ. “ಶಾಲೆ ಬಿಡೋ ಹೊತ್ತಾಯ್ತು. ಪುಟ್ಟೀನ ಕರ್ಕೊಂಬಾ.”

ಪುಟ್ಟಿ ಅವನ ಮಗಳು. ಹಿಂದೆ ಕೂತು ಅತ್ತೆಯ ಸೊಂಟ ತಬ್ಬಿಕೊಂಡು ದಾರಿಯುದ್ದಕ್ಕೂ ವಟಗುಟ್ಟುವವಳು. ಮೊನ್ನೆ ಶಾಲೆಯ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ನೆಲದಿಂದ ಎದ್ದವನಂತೆ ಅಡ್ಡ ಬಂದಿದ್ದ. ಕೂದಲೆಳೆಯಲ್ಲಿ ತಪ್ಪಿತ್ತು. “ಕಣ್ಣು ಕಾಣಲ್ವೇನೋ?” ಎಂದು ಗೇಮಕ್ಕ ಅವನನ್ನೇ ಗದರಿಸಿ ಬಂದಿದ್ದಳು.

ಅವಳು ಕೀಲಿಗೆ ಕೈ ಚಾಚಲಿಲ್ಲ.

“ನೀನೇ ಹೋಗು. ಆ ಸೆಟ್ಟೂ ಕೊಟ್ಬಿಡು, ಅದಕ್ಕೇನೂ ಆಗಿಲ್ಲ.”

“ಯಾಕಕ್ಕಾ, ಮೈ ಹುಷಾರಿಲ್ವಾ?”

“ನಾಳೆ ನನ್ನನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ?”

ಅವನ ಮುಖದ ನಗೆ ಇಳಿಯಿತು. “ಅಪ್ಪಂಗಾದ ಹಾಗೇನಾ?”

“ಪುಟ್ಟಿ ಕಾಯ್ತಿರ್ತಾಳೆ, ಹೋಗು,” ಎಂದಳು ಅವಳು.

ಮರುದಿನ ಮಬ್ಬು ಕೋಣೆಯಲ್ಲಿ ನರ್ಸು ಅವಳ ಒಂದು ಕಣ್ಣು ಮುಚ್ಚಿ, ಗದ್ದವನ್ನು ಯಂತ್ರದ ಮೇಲಿಡಿಸಿದಳು. ಮುಂದೆ ಬೋಗುಣಿಯಂಥ ಬಿಳಿ ಗೂಡು. ಕೈಗೊಂದು ಗುಂಡಿ ಕೊಟ್ಟಳು.

“ನಡುವಿನ ಚುಕ್ಕೀನೇ ನೋಡ್ತಾ ಇರಿ. ಎಲ್ಲಾದ್ರೂ ಬೆಳಕು ಕಂಡ್ರೆ ಒತ್ತಿ. ಗೇಮ್ ಇದ್ದಂಗೆ, ಭಯ ಬೇಡ.”

ಪ್ರತಿ ಬೆಳಕಿಗೂ ಮುನ್ನ ಯಂತ್ರ ಗುರ್‌ ಎನ್ನುತ್ತಿತ್ತು. ಆ ತಾಳ ಹಿಡಿಯಲು ಅವಳಿಗೆ ಎಷ್ಟು ಹೊತ್ತು? ಗುರ್‌ ಎಂದೊಡನೆ ಒತ್ತಿದರಾಯಿತು, ಕಂಡರೂ ಕಾಣದಿದ್ದರೂ. ಹೆಬ್ಬೆರಳು ಆಗಲೇ ಗುಂಡಿಯ ಮೇಲೆ ಹದವಾಗಿ ಕೂತಿತ್ತು. ಅಪ್ಪ ನೆನಪಾದರು, ಗಡಗಡನೆ ಅಕ್ಷರ ಒಪ್ಪಿಸಿ, ಗೆದ್ದವರಂತೆ ಎದ್ದು ಬಂದಿದ್ದ ಅಪ್ಪ.

ಗುರ್‌ ಎಂದಿತು. ಗೂಡು ಬೆಳ್ಳಗೇ ಇತ್ತು. ಅವಳು ಒತ್ತಲಿಲ್ಲ.

ಮತ್ತೆ ಗುರ್‌ ಎಂದಿತು.

“ಕಂಡ್ರೆ ಒತ್ತಿ ಅಮ್ಮಾ,” ಎಂದಳು ನರ್ಸು.

“ಕಂಡ್ರೆ ಒತ್ತೀನಿ,” ಎಂದಳು ಗೇಮಕ್ಕ. ರೆಪ್ಪೆ ಮಿಟುಕಿಸದೆ ಕಾಯುತ್ತಲೇ ಇದ್ದಳು. ಯಂತ್ರ ಮತ್ತೆ ಗುರ್‌ ಎಂದಿತು.