ವಿನುತಾ ಮೇಡಂ ಮತ್ತು ಬೋಲ್ಟು ಇಟ್ಟ ಪಿಯಾನೊ

ಯಾರಾದರೂ ಚಪ್ಪಾಳೆ ತಟ್ಟಿದರೆ ವಿನುತಾ ಮೇಡಂ ಕೈ ಎತ್ತಿ ನಿಲ್ಲಿಸಿಬಿಡುತ್ತಿದ್ದರು. “ಏನು ಕೇಳಿಸ್ತು, ಮೊದಲು ಅದನ್ನ ಹೇಳಿ. ಆಮೇಲೆ ತಟ್ಟಿ.” ಹೊಸದುರ್ಗದಲ್ಲಿ ಇಂಥ ಮಾತಾಡಿದವರು ಅವರೊಬ್ಬರೇ. ನಾವು ಕೊಡುವ ಮರ್ಯಾದೆಯನ್ನೂ ಬೇಡ ಎಂದವರನ್ನು ನಾನು ಮೊದಲ ದಿನದಿಂದಲೇ ಸಹಿಸಲಿಲ್ಲ.

ಅವರು ದೊಡ್ಡ ಪಿಯಾನೊ ವಾದಕಿ. ಹೊರದೇಶದ ಸಭೆಗಳಲ್ಲೆಲ್ಲ ನುಡಿಸಿದವರು. ಅದೂ ಈಗ ಬದುಕಿರುವವರು ಬರೆದ ಹೊಸ ಸಂಗೀತವನ್ನೇ. “ಹೋದೋರ ಸಂಗೀತ ನುಡಿಸೋಕೆ ಬೇಕಾದಷ್ಟು ಜನ ಇದಾರೆ. ಇರೋರದ್ದನ್ನ ಇರೋವಾಗ್ಲೇ ಯಾರಾದ್ರೂ ನುಡಿಸ್ಬೇಕಲ್ಲ” ಎನ್ನುವುದು ಅವರ ವಾದ. ಸಣ್ಣ ಊರಿನ ಮಕ್ಕಳಿಗೆ ಕಲಿಸಬೇಕೆಂದು ತಮ್ಮ ಪಿಯಾನೊವನ್ನು ಲಾರಿಗೆ ಹೇರಿಸಿಕೊಂಡು ನಮ್ಮ ಶಾಲೆಗೆ ಬಂದರು. ನಾನು ಅಲ್ಲಿ ಅಟೆಂಡರ್. ಮದುವೆಯಾದ ಮೇಲೆ ಹತ್ತನೇ ತರಗತಿ ಪಾಸು ಮಾಡಿದವನು. ನನ್ನ ಮಗಳು ಸುಮಾ ಅವರ ಬಳಿ ಕಲಿಯಲು ಸೇರಿದಳು. ಸಿನಿಮಾ ಹಾಡು ಕೇಳಿದರೆ ಮೇಡಂ ಪಿಯಾನೊ ಮುಚ್ಚುತ್ತಿದ್ದರು. ಬೆರಳು ತಪ್ಪಿ ಮಗು ಅತ್ತರೆ, “ಅತ್ಕೊಂಡೇ ನುಡ್ಸು” ಎನ್ನುತ್ತಿದ್ದರು.

ಆಯುಧಪೂಜೆಯ ಸಂಜೆ ಸುಮಾಳ ಮೊದಲ ಕಾರ್ಯಕ್ರಮವಿತ್ತು. ಹೊಸ ಸಂಗೀತವೊಂದಕ್ಕಾಗಿ ಮೇಡಂ ಪಿಯಾನೊದ ಮುಚ್ಚಳ ಎತ್ತಿ, ತಂತಿಗಳ ನಡುವೆ ಬೋಲ್ಟು, ರಬ್ಬರು ಚೂರು ಸಿಕ್ಕಿಸಿದ್ದರು. ಹಾಗೆ ಮಾಡಿದರೆ ಪಿಯಾನೊ ಬೇರೆಯೇ ದನಿ ಕೊಡುತ್ತದಂತೆ. ಯಾವುದು ಎಲ್ಲಿ ಕೂರಬೇಕೆಂದು ದಿನಗಟ್ಟಲೆ ಕಿವಿಯಿಟ್ಟು ಹುಡುಕಿದ್ದರು.

ಶಾಲೆಯ ಬಸ್ ಡ್ರೈವರ್ ಓಬಳೇಶ ಬೆಳಿಗ್ಗೆ ಬಸ್ಸು ತೊಳೆದು, ಪಂಪ್‌ಸೆಟ್ಟು ಒರೆಸಿ, ಪೂಜೆಗೆಂದು ಕೊನೆಗೆ ಪಿಯಾನೊದ ಹತ್ತಿರಕ್ಕೂ ಬಂದ. ಸಂಜೆ ಮೇಡಂ ನೋಡಿದಾಗ ಬೋಲ್ಟುಗಳೆಲ್ಲ ತಟ್ಟೆಯಲ್ಲಿ ಫಳಫಳ ಹೊಳೆಯುತ್ತಿದ್ದವು, ಮೇಲೆ ಸೇವಂತಿಗೆ.

“ಒಳಗೆ ಬಿದ್ದಿದ್ವು ಮೇಡಮ್ಮರೆ. ಎಲ್ಲಾ ತೆಗ್ದು, ತೊಳ್ದು ವಿಭೂತಿ ಹಚ್ಚೀನಿ. ಇನ್ಮೇಲೆ ಗಡಗಡ ಅನ್ನಾದಿಲ್ಲ, ನೋಡ್ರಿ” ಎಂದ.

“ಯಾರು ಮುಟ್ಟು ಅಂದಿದ್ದು ನಿಂಗೆ?” ಮೇಡಂ ಕೂಗಿದ್ದು ಹೊರಗಿನ ಶಾಮಿಯಾನದವರೆಗೂ ಕೇಳಿತು. ಓಬಳೇಶ ತಟ್ಟೆ ಹಿಡಿದೇ ನಿಂತ.

ಶಾಲೆಯ ಅಧ್ಯಕ್ಷರು ಸಮಾಧಾನಕ್ಕೆ ಬಂದರು. “ಹೋಗ್ಲಿ ಬಿಡ್ರಿ ಮೇಡಂ. ಹುಡುಗಿ ಯಾವ್ದಾರ ಸಿನಿಮಾ ಹಾಡು ಬಾರಿಸ್ಲಿ.”

“ಆಗಲ್ಲ. ಅವನ್ನ ಮತ್ತೆ ಕೂರಿಸೋಕೆ ಅರ್ಧ ದಿನ ಬೇಕು. ಸುಮಾ ಇವತ್ತು ನುಡಿಸಲ್ಲ.”

ತಾಳ್ಯದಿಂದ ನಮ್ಮವ್ವ, ಶ್ರೀರಾಂಪುರದಿಂದ ಮಾವನವರು ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಸುಮಾ ಹೊಸ ಲಂಗದಲ್ಲೇ ಮೂಲೆಗೆ ಹೋಗಿ ಅತ್ತಳು. ನನಗೆ ತಡೆಯಲಾಗಲಿಲ್ಲ.

“ನಿಮ್ ಬೋಲ್ಟಿಗಿಂತ ನನ್ ಮಗಳು ಕಡೆಯೇನ್ರಿ?”

“ಅವಳಿಗೆ ಅರ್ಧಂಬರ್ಧ ನುಡಿಸೋದನ್ನ ನಾನು ಕಲಿಸಿಲ್ಲ.”

“ನೀವು ಕಲಿಸಿದ್ದು ಸಾಕು.”

ನಮ್ಮವ್ವ ಎದ್ದು ಸೆರಗು ಕೊಡವಿದಳು. “ಏಳ್ರಿ, ಹೋಗಾಣ. ತಮಟೆಯವ್ನನ್ನೂ ಕರೆಸ್ಕಂಡು ಬಾರಿಸಾಕೆ ಬಿಡ್ದೆ ಕಳ್ಸಲ್ಲ ಕಣಮ್ಮ” ಎಂದು ಮೇಡಂ ಮುಖಕ್ಕೇ ಹೇಳಿದಳು. ಮೇಡಂ ಪಿಯಾನೊದ ಮುಚ್ಚಳ ಇಳಿಸಿದರು.

ಅಧ್ಯಕ್ಷರು ಸಂಗೀತದ ಕ್ಲಾಸು ನಿಲ್ಲಿಸಿದರು. ಮೇಡಂ ಯಾರನ್ನೂ ಬೇಡಿಕೊಳ್ಳಲಿಲ್ಲ, ಓಬಳೇಶನಿಗೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲ. ಪಿಯಾನೊ ಒಯ್ಯಲು ಲಾರಿ ಬರುವ ದಿನ ಬೆಳಗಿನಿಂದ ಒಬ್ಬರೇ ಕೂತು ಮತ್ತೆ ಬೋಲ್ಟು ಸಿಕ್ಕಿಸಿದರು. ಮಧ್ಯಾಹ್ನ ಸುಮಾಳಿಗೆ ಹೇಳಿ ಕಳುಹಿಸಿದರು. ಬೇಡ ಎಂದೆ. ಅವಳು ನನ್ನ ಮಾತು ಮೀರಿ ಹೋದಳು.

ನಾನು ಸಭಾಂಗಣದ ಹೊರಗೇ ನಿಂತೆ. ಪಾತ್ರೆ ಉರುಳಿದಂತೆ, ಮರ ಕುಟ್ಟಿದಂತೆ, ನಡುವೆ ಎಲ್ಲೋ ದೂರದಲ್ಲಿ ಗಂಟೆ ಹೊಡೆದಂತೆ ಕೇಳಿತು. ನನಗೆ ಹಿಡಿಸಲಿಲ್ಲ. ಹಿಡಿಸಿತು ಎಂದು ಸುಳ್ಳು ಹೇಳುವುದಿಲ್ಲ. ಸುಮಾ ಬೆವೆತು ಹೊರಗೆ ಬಂದಳು. “ಅಪ್ಪಾ, ಒಂದೂ ತಪ್ಪಲಿಲ್ಲ” ಎಂದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಅವಳು ನುಡಿಸಿದ್ದನ್ನು ಕೇಳಲು ಒಳಗೆ ಇದ್ದದ್ದು ಮೇಡಂ ಒಬ್ಬರೇ.

ಸಂಜೆ ಪಿಯಾನೊ ಲಾರಿ ಹತ್ತಿತು. ಸುಮಾ ಗೇಟು ಹಿಡಿದು ನೋಡುತ್ತಿದ್ದಳು. ಮೇಡಂ ಕಾರಿನ ಬಾಗಿಲು ತೆಗೆದು ಒಂದು ಗಳಿಗೆ ನನ್ನ ಕಡೆ ನೋಡಿದರು. ನಮ್ಮ ಕಡೆ ಜಗಳವಾಡಿದವರಿಗೂ “ಹೋಗಿ ಬರ್ರಿ” ಎನ್ನುತ್ತೇವೆ. ನಾನು ಅನ್ನಲಿಲ್ಲ.