ಹಾಲವ್ವ ಕಾಯುವ ತೂಕ

"ಕುಡಗೋಲು ಮಸದಾತು ಹಾಲವ್ವ, ಇನ್ನ ನನ್ನ ಪಾಲು ತಗೀ. ಇಲ್ಲಾಂದ್ರ ಮುಂದಿನ ಸುಗ್ಗಿಗೆ ಹಲ್ಲಿಲ್ಲದ ಕುಡಗೋಲು ಹಿಡೀಬೇಕಾಕ್ಕೈತಿ."

ಸಾಣೆ ಹಿಡಿಯುವ ಪೀರಸಾಬ ಹೀಗೆಂದು ಜೋಳಿಗೆ ಚಾಚುವಾಗ ಹಾನಗಲ್ ಕಡೆಯ ಬಯಲಲ್ಲಿ ಇನ್ನೂ ಮಂಜು ಸರಿದಿಲ್ಲ. ಭತ್ತದ ಕಣ, ಸುತ್ತ ತಂತಿ ಬೇಲಿ. ಹತ್ತಾರು ದೇಶಗಳು ಕೂಡಿ ನಡೆಸುವ ಸಂಸ್ಥೆಯೊಂದರ ತರಬೇತಿ ಮತ್ತು ಸಂಶೋಧನಾ ಕೇಂದ್ರ ಇದು. ಹಾಲವ್ವ ಸೊಂಟಕ್ಕೆ ಸೆರಗು ಸಿಗಿಸಿ, ಕಣದ ಅಂಚಿನಲ್ಲಿಟ್ಟ ತಮ್ಮ ಬುಟ್ಟಿಯತ್ತ ನಡೆಯುತ್ತಾರೆ.

"ಹಲ್ಲಿಲ್ಲದಾಂವ ನೀನು ಅಜ್ಜ. ಕುಡಗೋಲಿಗೆ ಯಾಕ ಶಾಪ ಹಾಕ್ತಿ?" ಎನ್ನುತ್ತ ಎರಡು ಬೊಗಸೆ ಜೋಳ ಸುರಿಯುತ್ತಾರೆ.

ಭತ್ತದ ಕಣದಲ್ಲಿ ಜೋಳ ಎಲ್ಲಿಂದ ಬಂತು ಅನ್ನುವುದೇ ಹಾಲವ್ವನ ಕತೆ. ಇಲ್ಲಿ ಒಂದೊಂದು ಮಡಿಯಲ್ಲಿ ಒಂದೊಂದು ತಳಿ. ಒಂದರ ಕಾಳು ಇನ್ನೊಂದರ ತಾಡಪತ್ರಿಗೆ ಸಿಡಿಯಬಾರದು. ಬಡಿದು, ತೂರಿದ ಕಾಳನ್ನೆಲ್ಲ ತೂಗಬೇಕು. ಆ ತೂಕ ಹೊರದೇಶದ ಮುಖ್ಯ ಕಚೇರಿಗೆ ಹೋಗುತ್ತದೆ. ಯಾವ ತಳಿಯನ್ನು ಮುಂದುವರಿಸಬೇಕು, ಯಾವುದನ್ನು ಕೈಬಿಡಬೇಕು ಅನ್ನುವುದು ಅಲ್ಲಿ ತೀರ್ಮಾನ. ಬೊಗಸೆ ಕಾಳು ಹೊರಗೆ ಹೋದರೂ ಆ ಮಡಿ ಲೆಕ್ಕಕ್ಕಿಲ್ಲ. ಆದರೆ ಈ ಸೀಮೆಯಲ್ಲಿ ರಾಶಿಯ ಹೊತ್ತಿಗೆ ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವವರುಂಟೆ?

ತವರಾದ ಅಬಲೂರಿನ ಒಣಬೇಸಾಯದ ಮನೆಯಲ್ಲಿ ಬೆಳೆದ ಹಾಲವ್ವ, ಇಲ್ಲಿಗೆ ಮೊದಲು ಬಂದದ್ದು ಕಳೆ ತೆಗೆಯುವ ಕೂಲಿಗೆ. ಈಗ ಕೇಂದ್ರದ ನೆರವು ಸಿಬ್ಬಂದಿ. ನಲವತ್ತೆಂಟು ಮಡಿಗಳಿಗೆ ನೀರು ಬಿಡುವುದು, ಹೊತ್ತು ಮೂಡುವ ಮುನ್ನ ಹಕ್ಕಿ ಓಡಿಸುವುದು, ಆರು ಹೆಣ್ಣಾಳುಗಳ ಜೊತೆ ಕೊಯ್ಲು, ಬಡಿತ, ತೂರುವುದು, ಎಲ್ಲವೂ ಅವರದೇ. ಮೊದಲ ಸುಗ್ಗಿಯಲ್ಲಿ ನಿಯಮದಂತೆ ಬಂದವರನ್ನೆಲ್ಲ ಹಾಗೇ ಕಳಿಸಿದರು. ಊರಲ್ಲಿ ಹೆಸರು ಕೆಟ್ಟಿತು.

"ನಳದ ಹಂತ್ಯಾಕ ಹೋದ್ರ ಯಾರೂ ಮಾತಾಡ್ತಿದ್ದಿಲ್ರಿ. ಫಾರಿನ್ ಭತ್ತದ ಜಿಪುಣಿ ಬಂದ್ಲು ಅಂತಿದ್ರು," ಎಂದು ಈಗ ನಗುತ್ತಾರೆ. "ನಮ್ಮ ಅತ್ತಿ ಅನ್ನವ್ವ ಅಂದ್ಲು, ಕಣ ಅವರದಿದ್ರೇನಾತು, ಅಲ್ಲಿ ನಿಂತಾಕಿ ನೀ ಅದಿ, ಮನ್ಯಾಗಿನ ಜ್ವಾಳ ಒಯ್ದು ನೀಡು ಅಂತ. ನಮ್ಮ ಮನೆಯವರು ಇನ್ನೂ ಕಾಡಸ್ತಾರ, ಸಂಸ್ಥೆ ಹತ್ತು ದೇಶದ್ದು, ಜ್ವಾಳ ಮಾತ್ರ ಈ ನಾಗಪ್ಪಂದು ಅಂತ."

ಇವತ್ತು ತೂಗಬೇಕಾದದ್ದು ತಾಂಜಾನಿಯಾದಿಂದ ತರಬೇತಿಗೆ ಬಂದ ಆಮಿನಾಳ ಮಡಿ. ತನ್ನ ನಾಡಿನ ಕೆಂಪು ಭತ್ತವನ್ನು ಮುಂಗಾರಿಗೆ ಇಲ್ಲಿ ಬಿತ್ತಿದ ಹುಡುಗಿ, ಇದೊಂದು ತೂಕ ಹಿಡಿದು ಮುಂದಿನ ವಾರ ಊರಿಗೆ ಹಾರುವವಳು. ಹಾಲವ್ವ ಜೋಳ ನೀಡಿದ್ದನ್ನು ಅವಳು ಕಣ್ಣರಳಿಸಿ ನೋಡಿದ್ದಾಳೆ. ಕಣದಲ್ಲಿರುವವರೆಲ್ಲ ಕೊಡಬೇಕೇನೋ ಎಂದುಕೊಂಡು, ಹಾಲವ್ವ ತಕ್ಕಡಿ ತರಲು ಅತ್ತ ಹೋದದ್ದೇ, ತನ್ನ ರಾಶಿಯಿಂದ ಬೊಗಸೆ ತುಂಬ ಭತ್ತ ತೆಗೆದು ಜೋಳಿಗೆಗೆ ಸುರಿಯುತ್ತಾಳೆ. "ತಗೋರಿ ಅಜ್ಜಾ," ಎಂದು ತಾನು ಕಲಿತ ಎರಡೇ ಕನ್ನಡ ಮಾತು ಆಡುತ್ತಾಳೆ. ಪೀರಸಾಬ ಅವಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ.

ತಕ್ಕಡಿ ಹಿಡಿದು ಬಂದ ಹಾಲವ್ವ ಅಲ್ಲೇ ನಿಂತುಬಿಡುತ್ತಾರೆ. ತರಬೇತಿ ನೋಡಿಕೊಳ್ಳುವ ವಿಜ್ಞಾನಿ, ಸವಣೂರಿನ ತನುಜಾ, ಹಣೆ ಒತ್ತಿಕೊಳ್ಳುತ್ತಾರೆ. "ಈ ಮಡಿ ಬಿಡಬೇಕಾಕ್ಕೈತಿ ಹಾಲವ್ವಾರ. ಇಲ್ಲಾ, ಅಜ್ಜನ ಕಡೆ ಹೊಳ್ಳಿ ಇಸ್ಕೊಳ್ರಿ." ಮಾತು ಅರ್ಥವಾಗದಿದ್ದರೂ ಮುಖ ನೋಡಿಯೇ ಆಮಿನಾಳ ಕಣ್ಣು ತುಂಬುತ್ತದೆ.

"ಕಣದಾಗ ಕೊಟ್ಟ ಕಾಳ ಹೊಳ್ಳಿ ಕೇಳೂದು ನನ್ನ ಕಡೆ ಆಗೂದಿಲ್ರಿ ಮೇಡಂ," ಎನ್ನುತ್ತಾರೆ ಹಾಲವ್ವ. "ಹುಡುಗಿ ಮನಸಾರೆ ಕೊಟ್ಟಾಳ."

ಗೇಟಿನ ತನಕ ಹೋಗಿದ್ದ ಪೀರಸಾಬ ಈ ಮಾತು ಕೇಳಿ ತಿರುಗಿ ಬರುತ್ತಾರೆ. "ನಿಮಗ ಬೇಕಾಗಿದ್ದು ಕಾಳೋ, ತೂಕೋ?"

"ತೂಕ ಅಜ್ಜ," ಎನ್ನುತ್ತಾರೆ ಹಾಲವ್ವ.

"ಹಂಗಾರ ತೂಗಿ, ನನ್ನ ಕಾಳು ನನಗ ಕೊಡ್ರಿ. ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡೀರಿ?"

"ಬಿತ್ತಬಾರದು ಮತ್ತ," ಎನ್ನುತ್ತಾರೆ ತನುಜಾ.

"ಬಿತ್ತಾಕ ನನಗೆಲ್ಲೈತವ್ವ ಹೊಲ? ಕುಟ್ಟಿ ಗಂಜಿ ಕಾಸ್ಕೊಂಡು ಕುಡೀತೇನಿ. ಹಲ್ಲಿಲ್ಲಂತ ಈಕಿನ ಹೇಳ್ಯಾಳಲ್ಲ."

ಜೋಳಿಗೆಯಲ್ಲಿ ಜೋಳ, ಭತ್ತ ಎರಡೂ ಕಲೆತಿವೆ. ಹಾಲವ್ವ ಅಷ್ಟನ್ನೂ ಮೊರಕ್ಕೆ ಸುರಿದು ಮೆಲ್ಲಗೆ ಕೇರುತ್ತಾರೆ. ಹಗುರಾದ ಕೆಂಪು ಭತ್ತ ಅಂಚಿಗೆ ಸರಿಯುತ್ತದೆ, ದುಂಡು ಜೋಳ ಹಿಂದೆ ಉಳಿಯುತ್ತದೆ. ಅದರಲ್ಲೂ ತಪ್ಪಿಸಿಕೊಂಡ ಕಾಳುಗಳನ್ನು ಹಾಲವ್ವ, ಆಮಿನಾ, ಪೀರಸಾಬ ಮೂವರೂ ಮೊರದ ಸುತ್ತ ಕುಳಿತು ಆರಿಸುತ್ತಾರೆ. ಆಮಿನಾ ಒಂದು ಜೋಳದ ಕಾಳನ್ನು ಭತ್ತಕ್ಕೆ ಹಾಕಿದರೆ ಪೀರಸಾಬ ಅವಳ ಬೆರಳಿಗೆ ಮೆಲ್ಲಗೆ ಬಡಿಯುತ್ತಾರೆ. "ಇದು ನಂದವ್ವ, ಈಚಿ ಹಾಕು." ಅವಳು ಅಳುತ್ತಲೇ ನಗುತ್ತಾಳೆ.

ಬಿಸಿಲು ಏರುವ ಹೊತ್ತಿಗೆ ಬೊಗಸೆ ಭತ್ತ ರಾಶಿಯ ಜೊತೆ ತೂಗಿ ಆಗಿದೆ. ತನುಜಾ ತೂಕವನ್ನು ಎರಡು ಸಲ ನೋಡಿ ತಲೆಯಾಡಿಸುತ್ತಾರೆ. ಪೀರಸಾಬರ ಪಾಲು ಪೀರಸಾಬರ ಜೋಳಿಗೆಗೆ ಮರಳುತ್ತದೆ.

"ನಿಮಗೇನು ಆಸೆ ಹಾಲವ್ವಾರ?" ಎಂದು ನಾವು ಕೇಳಿದರೆ ಮೊರ ಕೊಡವುತ್ತ ತುಸು ಯೋಚಿಸುತ್ತಾರೆ. "ಇಕಿ ದೇಶದಾಗ ಈ ಭತ್ತ ಚಲೋ ಬೆಳೀಲಿ, ಅಷ್ಟರಿ. ಅಲ್ಲಿ ಯಾರರ ಕಣಕ್ಕ ಬಂದ್ರ ಬರಿಗೈಲೆ ಹೋಗೂದಿಲ್ಲ. ಅದರ ಚಿಂತಿ ನನಗಿಲ್ಲ."

ಅಷ್ಟರಲ್ಲಿ ಮೂಡಗಾಳಿ ಏಳುತ್ತದೆ. ಪಕ್ಕದ ಮಡಿಯ ಕಾಳು ತೂರಲು ಹಾಲವ್ವ ಎದ್ದು ಓಡುತ್ತಾರೆ. ಹಿಂದೆಯೇ ಇನ್ನೊಂದು ಮೊರ ಎತ್ತಿಕೊಂಡು ಆಮಿನಾ. ಅವಳು ಗಾಳಿಗೆ ಎದುರಾಗಿ ನಿಂತು ತೂರಿದ ಮೊದಲ ಮೊರದ ಹೊಟ್ಟೆಲ್ಲ ಅವಳದೇ ತಲೆಯ ಮೇಲೆ ಬೀಳುತ್ತದೆ.